ಶಸ್ತ್ರಚಿಕಿತ್ಸೆಯ ನಂತರದ ಹೃದಯ: ಜನ್ಮಜಾತ ಹೃದಯದೋಷಗಳ ಚಿತ್ರಣ ಪರೀಕ್ಷೆಯ ಚರಿತ್ರೆ

1. ಪ್ರಸ್ತಾವನೆ

ಜನ್ಮಜಾತ ಹೃದಯದೋಷಗಳ ಚಿಕಿತ್ಸೆಯ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಶಸ್ತ್ರಕ್ರಿಯೆ ನಡೆದ ದಿನವನ್ನೇ ಕೇಂದ್ರವಾಗಿ ಇರಿಸಿಕೊಂಡಿದ್ದಾರೆ. 1938ರ ಬಾಸ್ಟನ್, 1944ರ ಬಾಲ್ಟಿಮೋರ್, 1954ರ ಮಿನಿಯಾಪೊಲಿಸ್ ಇವೇ ಆ ಚರಿತ್ರೆಯ ಮೈಲಿಗಲ್ಲುಗಳು. ಸಾಯಬೇಕಾಗಿದ್ದ ಮಗು ಬದುಕಿತು, ನೀಲಿಗಟ್ಟಿದ ತುಟಿ ಕೆಂಪಾಯಿತು ಎಂಬಲ್ಲಿಗೆ ಕಥನ ಮುಗಿಯುತ್ತದೆ. ಆದರೆ ಆ ಮಗು ಆಸ್ಪತ್ರೆಯಿಂದ ಮನೆಗೆ ಹೋಗಿ ಶಾಲೆ ಸೇರಿ, ಯೌವನಕ್ಕೆ ಬಂದು, ಉದ್ಯೋಗ ಹಿಡಿದು, ಮದುವೆಯಾಗಿ ನಲವತ್ತು ದಾಟಿದಾಗ ಅದರ ಹೃದಯ ಯಾವ ಸ್ಥಿತಿಯಲ್ಲಿತ್ತು ಎಂಬುದು ಇದೇ ಚರಿತ್ರೆಯ ಉತ್ತರಾರ್ಧ. ಈ ಉತ್ತರಾರ್ಧಕ್ಕೆ ವಿದ್ವಾಂಸರ ಗಮನ ದೊರೆತದ್ದು ತೀರ ತಡವಾಗಿ.

ಪ್ರಸ್ತುತ ಪ್ರಬಂಧದ ವಸ್ತು ಆ ಉತ್ತರಾರ್ಧವೇ ಆಗಿದೆ. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಹೃದಯವನ್ನು ಮುಂದಿನ ದಶಕಗಳಲ್ಲಿ ಯಾವ ಉಪಕರಣಗಳಿಂದ ನೋಡಲಾಯಿತು, ಆ ಉಪಕರಣಗಳಿಗೆ ಏನು ಕಂಡಿತು, ಏನು ಕಾಣಲಿಲ್ಲ, ಕಾಣದೆ ಹೋದದ್ದರಿಂದ ಆದ ಪರಿಣಾಮವೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಎಲ್ಲ ದೋಷಗಳನ್ನೂ ಸಮವಾಗಿ ಚರ್ಚಿಸುವುದು ಒಂದು ಪ್ರಬಂಧದ ಮಿತಿಯಲ್ಲಿ ಸಾಧ್ಯವಿಲ್ಲವಾದ್ದರಿಂದ ಫ್ಯಾಲೊಟ್‌ನ ಚತುರ್ದೋಷವನ್ನು ಮುಖ್ಯ ನಿದರ್ಶನವಾಗಿ ತೆಗೆದುಕೊಂಡು, ಇತರ ದೋಷಗಳನ್ನು ಅದಕ್ಕೆ ಪೂರಕವಾಗಿ ಪ್ರಸ್ತಾಪಿಸಲಾಗಿದೆ.

2. ಶಸ್ತ್ರಚಿಕಿತ್ಸೆಯ ಆರಂಭ ಮತ್ತು ಅಂದಿನ ನೋಟದ ಸಾಧನಗಳು

ಕೆನಡಾದ ಮಾಂಟ್ರಿಯಲ್‌ನ ವೈದ್ಯೆ ಮಾಡ್ ಆ್ಯಬಟ್ 1936ರಲ್ಲಿ ಪ್ರಕಟಿಸಿದ ಜನ್ಮಜಾತ ಹೃದಯರೋಗಗಳ ಚಿತ್ರಸಂಪುಟವು ಒಂದು ಸಾವಿರ ಪ್ರಕರಣಗಳನ್ನು ಆಧರಿಸಿತ್ತು. ದೋಷಗಳನ್ನು ವಿಂಗಡಿಸಿ ಹೆಸರಿಸಿದ ಈ ಮಹತ್ವದ ಕೃತಿಗೆ ಆಧಾರವಾಗಿದ್ದುದು ಬಹುಪಾಲು ಶವಪರೀಕ್ಷೆ. ಅಂದರೆ ಹೃದಯದೋಷದ ಪೂರ್ಣರೂಪವು ಅಂದು ತಿಳಿಯುತ್ತಿದ್ದುದು ರೋಗಿ ಸತ್ತ ಮೇಲೆ. ಎರಡೇ ವರ್ಷಗಳ ನಂತರ, 1938ರ ಆಗಸ್ಟ್ 26ರಂದು, ಬಾಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಅವರು ಏಳು ವರ್ಷದ ಬಾಲಕಿಯೊಬ್ಬಳಲ್ಲಿ, ಜನನದ ನಂತರ ಮುಚ್ಚಿಕೊಳ್ಳದೆ ಉಳಿದಿದ್ದ ಅಪಧಮನಿ ನಾಳವನ್ನು ಕಟ್ಟಿ ನಿಲ್ಲಿಸಿದರು. 1944ರ ಅಕ್ಟೋಬರ್‌ನಲ್ಲಿ ಸ್ಟಾಕ್‌ಹೋಮ್‌ನ ಕ್ಲಾರೆನ್ಸ್ ಕ್ರಾಫೂರ್ಡ್ ಅವರು ಮಹಾಪಧಮನಿಯ ಕಿರಿದಾದ ಭಾಗವನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಜೋಡಿಸಿದರು. ಅದೇ ವರ್ಷದ ನವೆಂಬರ್ 29ರಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಲ್‌ಫ್ರೆಡ್ ಬ್ಲೇಲಾಕ್, ಮಕ್ಕಳ ಹೃದಯತಜ್ಞೆ ಹೆಲೆನ್ ಟೌಸಿಗ್ ಮತ್ತು ಪ್ರಯೋಗಾಲಯದಲ್ಲಿ ಈ ಕ್ರಮವನ್ನು ರೂಪಿಸಿದ ವಿವಿಯನ್ ಥಾಮಸ್ ಇವರ ಸಹಯೋಗದಲ್ಲಿ ‘ನೀಲಿ ಮಗು’ವಿನ ಶಸ್ತ್ರಕ್ರಿಯೆ ನಡೆಯಿತು.

ಈ ಮೂರೂ ಶಸ್ತ್ರಕ್ರಿಯೆಗಳು ಹೃದಯವನ್ನು ತೆರೆಯದೆ, ಅದರ ಹೊರಗಿನ ರಕ್ತನಾಳಗಳಲ್ಲಿ ನಡೆದವು ಎಂಬುದು ಗಮನಾರ್ಹ. ಅಂದಿನ ನೋಟದ ಸಾಧನಗಳೂ ಹೃದಯದ ಹೊರಗಿನವೇ ಆಗಿದ್ದವು. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷಕಿರಣವು ಹೃದಯದ ನೆರಳನ್ನು ಮಾತ್ರ ತೋರಿಸುತ್ತಿತ್ತು. ಟೌಸಿಗ್ ಅವರಿಗೆ ಶ್ರವಣದೋಷವಿದ್ದುದರಿಂದ ಎದೆಯ ಮೇಲೆ ಬೆರಳಿಟ್ಟು ಮಿಡಿತವನ್ನು ಅರಿಯುವುದನ್ನು ಅವರು ರೂಢಿಸಿಕೊಂಡಿದ್ದರು. ಜೊತೆಗೆ ಕ್ಷಕಿರಣದ ಪರದೆಯ ಮುಂದೆ ಮಗುವನ್ನು ನಾನಾ ಕೋನಗಳಲ್ಲಿ ತಿರುಗಿಸಿ, ಮಿಡಿಯುವ ನೆರಳಿನ ಅಂಚುಗಳಿಂದ ಒಳಗಿನ ರಚನೆಯನ್ನು ಊಹಿಸುತ್ತಿದ್ದರು. 1947ರಲ್ಲಿ ಪ್ರಕಟವಾದ ಅವರ ಗ್ರಂಥಕ್ಕೆ ಈ ಅನುಭವವೇ ಬುನಾದಿಯಾಯಿತು. ಶಸ್ತ್ರಕ್ರಿಯೆಗೆ ಒಳಗಾದ ಮಕ್ಕಳನ್ನು ಅವರು ಮರೆಯಲಿಲ್ಲ. 1963ರಲ್ಲಿ ನಿವೃತ್ತರಾದ ನಂತರವೂ ತಮ್ಮ ಹಳೆಯ ರೋಗಿಗಳ ದೀರ್ಘಕಾಲದ ಸ್ಥಿತಿಗತಿಗಳ ಬಗ್ಗೆ ಅವರು ಲೇಖನಗಳನ್ನು ಪ್ರಕಟಿಸುತ್ತ ಬಂದರು. ಜನ್ಮಜಾತ ಹೃದಯದೋಷದ ಕ್ಷೇತ್ರದಲ್ಲಿ ದೀರ್ಘಾವಧಿ ಅನುಸರಣೆ ಎಂಬ ಪರಿಕಲ್ಪನೆಯ ಮೊದಲ ದೃಢ ಮಾದರಿಗಳಲ್ಲಿ ಇದು ಒಂದು.

ಹೃದಯದ ಒಳಭಾಗವನ್ನು ಕಾಣುವ ದಾರಿಯನ್ನು ತೆರೆದದ್ದು ನಾಳತೂರಿಕೆ. 1929ರಲ್ಲಿ ಜರ್ಮನಿಯ ವೆರ್ನರ್ ಫೋರ್ಸ್‌ಮಾನ್ ತಮ್ಮದೇ ತೋಳಿನ ಅಭಿಧಮನಿಯ ಮೂಲಕ ತೆಳುನಳಿಕೆಯನ್ನು ಹೃದಯದವರೆಗೆ ತೂರಿಸಿದರು. ಆಂಡ್ರೆ ಕೂರ್ನಾಂಡ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅದನ್ನು ಒಂದು ಕ್ರಮಬದ್ಧ ಪರೀಕ್ಷೆಯಾಗಿ ಬೆಳೆಸಿದರು. ಈ ಮೂವರಿಗೂ 1956ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಕ್ಷಕಿರಣಕ್ಕೆ ಅಡ್ಡವಾಗುವ ದ್ರವವನ್ನು ರಕ್ತಕ್ಕೆ ಹರಿಸಿ ಮಕ್ಕಳ ಹೃದಯದ ಕೋಣೆಗಳನ್ನು ಚಿತ್ರಿಸುವ ಕ್ರಮವನ್ನು ಹವಾನಾದ ಕಾಸ್ಟೆಯಾನೊಸ್ 1930ರ ದಶಕದಲ್ಲಿಯೇ ಪ್ರಯೋಗಿಸಿದ್ದರು. ಈ ಪರೀಕ್ಷೆಗಳಿಂದ ಒತ್ತಡ, ಆಮ್ಲಜನಕದ ಪ್ರಮಾಣ, ಕೋಣೆಗಳ ಆಕಾರ ಎಲ್ಲವೂ ತಿಳಿಯುತ್ತಿದ್ದವು. ಆದರೆ ಅವುಗಳಲ್ಲಿ ಅಪಾಯವಿತ್ತು, ನೋವಿತ್ತು, ವಿಕಿರಣವಿತ್ತು. ಶಸ್ತ್ರಕ್ರಿಯೆಯ ಮುನ್ನ ಇವುಗಳನ್ನು ಮಾಡುವುದಕ್ಕೆ ಸಮರ್ಥನೆಯಿದ್ದಿತು. ಆಡಿಕೊಂಡಿರುವ ಮಗುವನ್ನು ವರ್ಷಕ್ಕೊಮ್ಮೆ ಕರೆಸಿ ಇವುಗಳಿಗೆ ಗುರಿಪಡಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆಯು ಬಹುಕಾಲ ಸ್ಟೆತಸ್ಕೋಪು, ಇ.ಸಿ.ಜಿ. ಮತ್ತು ಎದೆಯ ಕ್ಷಕಿರಣ ಚಿತ್ರ ಇಷ್ಟಕ್ಕೇ ಸೀಮಿತವಾಗಿ ಉಳಿಯಿತು.

3. ‘ಸಂಪೂರ್ಣ ಸರಿಪಡಿಕೆ’ ಮತ್ತು ತೇಪೆಯ ಬೆಲೆ

1888ರಲ್ಲಿ ಮಾರ್ಸೆಯ ವೈದ್ಯ ಆರ್ಥರ್ ಫ್ಯಾಲೊಟ್ ವಿವರಿಸಿದ ದೋಷದಲ್ಲಿ ನಾಲ್ಕು ಅಂಶಗಳಿವೆ. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ರಂಧ್ರ, ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯ ಕಿರಿದಾಗುವಿಕೆ, ಆ ರಂಧ್ರದ ಮೇಲೆ ಚಾಚಿಕೊಂಡ ಮಹಾಪಧಮನಿ ಮತ್ತು ದಪ್ಪಗಟ್ಟಿದ ಬಲ ಹೃತ್ಕುಕ್ಷಿ ಎಂಬುವೇ ಆ ನಾಲ್ಕು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಹೃತ್ಕರ್ಣಗಳ ನಡುವಿನ ರಂಧ್ರವನ್ನು ಮುಚ್ಚಿದರು. 1954ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ವಾಲ್ಟನ್ ಲಿಲ್ಲೆಹೈ ಅವರು ಯಂತ್ರದ ಬದಲು ತಂದೆ ಅಥವಾ ತಾಯಿಯ ರಕ್ತಪರಿಚಲನೆಗೆ ಮಗುವಿನ ದೇಹವನ್ನು ಜೋಡಿಸಿ, ಹೃದಯವನ್ನು ತೆರೆದು ದುರಸ್ತಿ ಮಾಡಿದರು. ಆ ವರ್ಷದ ಆಗಸ್ಟ್ 31ರಂದು ಚತುರ್ದೋಷದ ಮೊದಲ ಒಳದುರಸ್ತಿ ನಡೆಯಿತು. ಈ ಕ್ರಮದಿಂದ ಶಸ್ತ್ರಕ್ರಿಯೆಗೆ ಒಳಗಾದ 45 ರೋಗಿಗಳಲ್ಲಿ 28 ಮಂದಿ ಬದುಕಿ ಮನೆಗೆ ಮರಳಿದರು. 1955ರಿಂದ ಮೇಯೋ ಕ್ಲಿನಿಕ್‌ನಲ್ಲಿ ಜಾನ್ ಕರ್ಕ್ಲಿನ್ ಯಂತ್ರದ ಸಹಾಯದಿಂದಲೇ ಇಂತಹ ದುರಸ್ತಿಗಳನ್ನು ಆರಂಭಿಸಿದರು.

ಅಂದಿನ ವೈದ್ಯಸಾಹಿತ್ಯದಲ್ಲಿ ಈ ಕ್ರಮಕ್ಕೆ ‘ಸಂಪೂರ್ಣ ಸರಿಪಡಿಕೆ’ ಎಂಬ ಅರ್ಥದ ಹೆಸರಿತ್ತು. ರಂಧ್ರವನ್ನು ಮುಚ್ಚಿದ ಮೇಲೆ, ಕಿರಿದಾದ ದಾರಿಯನ್ನು ಅಗಲಿಸಿದ ಮೇಲೆ, ದೋಷವೇ ಇಲ್ಲವಾಯಿತೆಂಬ ಗ್ರಹಿಕೆ ಆ ಹೆಸರಿನಲ್ಲಿ ಅಡಗಿದೆ. ಆದರೆ ಅನೇಕ ಮಕ್ಕಳಲ್ಲಿ ಶ್ವಾಸಕೋಶ ಅಪಧಮನಿಯ ಕವಾಟದ ಬಳೆಯೇ ತೀರ ಚಿಕ್ಕದಾಗಿರುತ್ತದೆ. ಅಂತಹ ಸಂದರ್ಭದಲ್ಲಿ ಬಳೆಯನ್ನು ಅಡ್ಡವಾಗಿ ಸೀಳಿ, ಆ ಸೀಳಿಗೆ ಒಂದು ತೇಪೆಯನ್ನು ಹೊಲಿದು ದಾರಿಯನ್ನು ಅಗಲ ಮಾಡಬೇಕಾಗುತ್ತದೆ. ಇದರಿಂದ ರಕ್ತ ಮುಂದೆ ಹರಿಯಲು ಇದ್ದ ಅಡ್ಡಿ ನಿವಾರಣೆಯಾಗುತ್ತದೆ. ಆದರೆ ಕವಾಟ ಮುಚ್ಚಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಪ್ರತಿ ಮಿಡಿತದಲ್ಲಿಯೂ ಮುಂದೆ ಹೋದ ರಕ್ತದ ಒಂದು ಪಾಲು ಬಲ ಹೃತ್ಕುಕ್ಷಿಗೆ ಹಿಂದಿರುಗುತ್ತದೆ. ಅಂದಿನ ಶಸ್ತ್ರವೈದ್ಯರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಮಗು ಸಾಯುವುದಕ್ಕಿಂತ ಕವಾಟ ಸೋರುವುದು ಮೇಲೆಂಬ ಅವರ ತೀರ್ಮಾನ ಆ ಸಂದರ್ಭದಲ್ಲಿ ಸರಿಯಾದುದೇ ಆಗಿತ್ತು.

ಸಮಸ್ಯೆ ಉದ್ಭವಿಸಿದ್ದು ಇದರಿಂದ ಹೊರಟ ಮುಂದಿನ ತೀರ್ಮಾನದಲ್ಲಿ. ಈ ಸೋರಿಕೆಯು ನಿರುಪದ್ರವಿ, ಬಲ ಹೃತ್ಕುಕ್ಷಿ ಇದನ್ನು ಜೀವಮಾನವಿಡೀ ಸಹಿಸಬಲ್ಲದು ಎಂಬ ಅಭಿಪ್ರಾಯ ಮೂರು ದಶಕಗಳಷ್ಟು ಕಾಲ ಬಲವಾಗಿ ಬೇರೂರಿತ್ತು. ಇದಕ್ಕೆ ಕಾರಣಗಳು ಮೂರು. ಮೊದಲನೆಯದಾಗಿ, ಮಕ್ಕಳು ನಿಜವಾಗಿಯೂ ಚೆನ್ನಾಗಿದ್ದರು. ಸೋರಿಕೆಯ ಪರಿಣಾಮ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷಗಳು ಬೇಕಾಗುತ್ತಿದ್ದವು. ಎರಡನೆಯದಾಗಿ, ಬಾಲ್ಯದಿಂದಲೇ ಅಲ್ಪ ಶಕ್ತಿಗೆ ಹೊಂದಿಕೊಂಡ ವ್ಯಕ್ತಿಗೆ ತನ್ನ ಆಯಾಸವು ಆಯಾಸವೆಂದೇ ಅನ್ನಿಸುವುದಿಲ್ಲ. ಕೇಳಿದರೆ ‘ಏನೂ ತೊಂದರೆಯಿಲ್ಲ’ ಎನ್ನುತ್ತಾನೆ. ಮೂರನೆಯ ಕಾರಣವೇ ಪ್ರಸ್ತುತ ಚರ್ಚೆಗೆ ಮುಖ್ಯವಾದುದು. ಶ್ವಾಸಕೋಶ ಅಪಧಮನಿಯಲ್ಲಿ ಒತ್ತಡ ಕಡಿಮೆಯಾದ್ದರಿಂದ ಕವಾಟ ಪೂರ್ತಿ ತೆರೆದಿದ್ದಾಗ ಹಿಂದಿರುಗುವ ರಕ್ತ ಬೇಗನೆ ಸಮತೋಲಕ್ಕೆ ಬರುತ್ತದೆ. ಕಿವಿಗೆ ಕೇಳಿಸುವ ಮರ್ಮರ ಗಿಡ್ಡದಾಗಿ, ಮೃದುವಾಗಿ ಇರುತ್ತದೆ. ಸೋರಿಕೆ ತೀವ್ರವಾಗಿದ್ದಾಗಲೇ ಅದು ಕಿವಿಗೆ ತಪ್ಪಿಹೋಗುವ ಸಂಭವ ಹೆಚ್ಚು. ಅಂದರೆ ಅಂದಿನ ಮುಖ್ಯ ಸಾಧನವಾದ ಸ್ಟೆತಸ್ಕೋಪು ಅತ್ಯಂತ ಅಗತ್ಯವಾಗಿದ್ದಲ್ಲಿಯೇ ಅತ್ಯಂತ ದುರ್ಬಲವಾಗಿತ್ತು.

4. ಧ್ವನಿಯಿಂದ ಮೂಡಿದ ಚಿತ್ರ

1953ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಹೃದಯತಜ್ಞ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್‌ಮುಟ್ ಹರ್ಟ್ಸ್ ಅವರು ಲೋಹದ ಬಿರುಕುಗಳನ್ನು ಪತ್ತೆಮಾಡಲು ಬಳಸುತ್ತಿದ್ದ ಸೀಮೆನ್ಸ್ ಉಪಕರಣವೊಂದನ್ನು ಎರವಲು ಪಡೆದು, ಹೃದಯದಿಂದ ಮರಳಿದ ಶ್ರವಣಾತೀತ ಧ್ವನಿಯ ಪ್ರತಿಧ್ವನಿಗಳನ್ನು ದಾಖಲಿಸಿದರು. ಇಂದು ‘ಎಕೋ’ ಎಂದು ಜನಸಾಮಾನ್ಯರೂ ಕರೆಯುವ ಪರೀಕ್ಷೆಯ ಮೂಲ ಇದು. ಮೊದಲ ಎರಡು ದಶಕಗಳಲ್ಲಿ ಇದು ಒಂದೇ ರೇಖೆಯ ಮೇಲಿನ ಚಲನೆಯನ್ನು ಮಾತ್ರ ತೋರಿಸುತ್ತಿತ್ತು. 1970ರ ದಶಕದಲ್ಲಿ ಎರಡು ಆಯಾಮಗಳ ಚಲಿಸುವ ಚಿತ್ರ ಸಾಧ್ಯವಾದ ಮೇಲೆ ಮಕ್ಕಳ ಹೃದಯವಿಜ್ಞಾನದ ಸ್ವರೂಪವೇ ಬದಲಾಯಿತು. ನೋವಿಲ್ಲದ, ವಿಕಿರಣವಿಲ್ಲದ, ಹಾಸಿಗೆಯ ಪಕ್ಕದಲ್ಲಿಯೇ ಮಾಡಬಹುದಾದ, ಬೇಕೆಂದಷ್ಟು ಬಾರಿ ಪುನರಾವರ್ತಿಸಬಹುದಾದ ಪರೀಕ್ಷೆಯೊಂದು ಮೊದಲ ಬಾರಿಗೆ ದೊರೆತಿತ್ತು. ಶಸ್ತ್ರಚಿಕಿತ್ಸೋತ್ತರ ಚಿತ್ರಣ ಎಂಬುದು ಒಂದು ಪದ್ಧತಿಯಾಗಿ ರೂಪುಗೊಂಡದ್ದು ಈ ಕಾರಣದಿಂದಲೇ.

ಇದಕ್ಕೆ ಡಾಪ್ಲರ್ ತತ್ತ್ವ ಸೇರಿದಾಗ ಎಕೋ ಪರೀಕ್ಷೆಗೆ ಅಳೆಯುವ ಶಕ್ತಿಯೂ ಬಂದಿತು. ಕಿರಿದಾದ ದಾರಿಯಲ್ಲಿ ರಕ್ತದ ವೇಗ ಹೆಚ್ಚುತ್ತದೆ. ಸೆಕೆಂಡಿಗೆ ಮೀಟರುಗಳಲ್ಲಿ ಅಳೆದ ಆ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸವು ಪಾದರಸದ ಮಿಲಿಮೀಟರುಗಳಲ್ಲಿ ದೊರೆಯುತ್ತದೆ. ವೇಗ 4 ಮೀಟರ್ ಇದ್ದರೆ ಒತ್ತಡದ ವ್ಯತ್ಯಾಸ 64. ನಾರ್ವೆಯ ಹೋಲೆನ್ ಮತ್ತು ಲಿವ್ ಹಾಟ್ಲೆ ಅವರ 1970ರ ದಶಕದ ಕೆಲಸದಿಂದ ಈ ಸರಳ ಸೂತ್ರ ರೂಢಿಗೆ ಬಂದಿತು. 1984ರಲ್ಲಿ ಯಾಕ್ ಮತ್ತು ಪಾಪ್ ಅವರು ತ್ರಿದಳ ಕವಾಟದ ಸೋರಿಕೆಯ ವೇಗದಿಂದ ಬಲ ಹೃತ್ಕುಕ್ಷಿಯ ಒತ್ತಡವನ್ನು ಅಂದಾಜಿಸಬಹುದೆಂದು ತೋರಿಸಿದರು. ಇದಕ್ಕೆ ಮುನ್ನ ನಾಳತೂರಿಕೆಯಿಂದ ಮಾತ್ರ ದೊರೆಯುತ್ತಿದ್ದ ಉತ್ತರಗಳು ಹೊರರೋಗಿ ವಿಭಾಗದಲ್ಲಿಯೇ ದೊರೆಯತೊಡಗಿದವು. ಮುಚ್ಚಿದ ರಂಧ್ರದ ಅಂಚಿನಲ್ಲಿ ಉಳಿದ ಸೋರಿಕೆ, ಮರುಕಳಿಸಿದ ಕಿರಿದಾಗುವಿಕೆ, ಕವಾಟಗಳ ಸ್ಥಿತಿ ಇವುಗಳನ್ನು ತಿಳಿಯಲು ಇಂದಿಗೂ ಎಕೋ ಮೊದಲ ಪರೀಕ್ಷೆ.

ಆದರೂ ಚತುರ್ದೋಷದ ಪ್ರಶ್ನೆಗೆ ಎಕೋ ಪೂರ್ಣ ಉತ್ತರ ನೀಡಲಿಲ್ಲ. ಎಡ ಹೃತ್ಕುಕ್ಷಿಯನ್ನು ಅಂಡಾಕಾರವೆಂದು ಭಾವಿಸಿ ಎರಡು ಮೂರು ಅಳತೆಗಳಿಂದ ಅದರ ಗಾತ್ರವನ್ನು ಲೆಕ್ಕಹಾಕಬಹುದು. ಬಲ ಹೃತ್ಕುಕ್ಷಿಯಾದರೋ ಎಡದ್ದನ್ನು ಅರ್ಧಚಂದ್ರದಂತೆ ಬಳಸಿಕೊಂಡಿರುತ್ತದೆ. ಅದಕ್ಕೆ ಹೊಂದುವ ಸರಳ ಜ್ಯಾಮಿತೀಯ ಆಕಾರವಿಲ್ಲ. ಅದು ಎದೆಮೂಳೆಯ ಹಿಂದೆಯೇ ಅಡಗಿದೆ. ಮೂಳೆಯನ್ನೂ ಗಾಳಿಯನ್ನೂ ಶ್ರವಣಾತೀತ ಧ್ವನಿ ದಾಟಲಾರದು. ಮಗು ಬೆಳೆದಂತೆ ಎದೆಗೂಡು ದಪ್ಪವಾಗಿ, ಶಸ್ತ್ರಕ್ರಿಯೆಯ ಗಾಯದ ಗುರುತು ಸೇರಿ, ಚಿತ್ರದ ಸ್ಪಷ್ಟತೆ ಕುಗ್ಗುತ್ತದೆ. ಹೀಗಾಗಿ ಹೃತ್ಕುಕ್ಷಿ ‘ಸ್ವಲ್ಪ ಹಿಗ್ಗಿದೆ’, ‘ಸಾಕಷ್ಟು ಹಿಗ್ಗಿದೆ’ ಎಂಬ ವರದಿಗಳು ಬಂದವೇ ಹೊರತು, ಕಳೆದ ಬಾರಿಗಿಂತ ಈ ಬಾರಿ ಎಷ್ಟು ಹಿಗ್ಗಿದೆ ಎಂಬ ಪ್ರಶ್ನೆಗೆ ನಂಬಬಹುದಾದ ಅಂಕಿ ದೊರೆಯಲಿಲ್ಲ.

5. ಬಲ ಹೃತ್ಕುಕ್ಷಿಯ ಅಳತೆ

1973ರಲ್ಲಿ ಪಾಲ್ ಲಾಟರ್ಬರ್ ಅವರು ಕಾಂತೀಯ ಅನುರಣನದಿಂದ ಚಿತ್ರವನ್ನು ಮೂಡಿಸಬಹುದೆಂದು ತೋರಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮಿಡಿಯುವ ಹೃದಯಕ್ಕೆ ಈ ವಿಧಾನವನ್ನು ಅನ್ವಯಿಸಲು ಇ.ಸಿ.ಜಿ.ಯ ತಾಳಕ್ಕೆ ತಕ್ಕಂತೆ ಚಿತ್ರ ತೆಗೆಯುವ ಕ್ರಮ ಬೇಕಾಯಿತು; 1980ರ ದಶಕದಲ್ಲಿ ಅದು ಸಿದ್ಧಿಸಿತು. ಎಂ.ಆರ್.ಐ. ಯಂತ್ರವು ಹೃದಯವನ್ನು ರೊಟ್ಟಿಯ ಹೋಳುಗಳಂತೆ ಒಂದರ ಮೇಲೊಂದು ತೆಳು ಪದರಗಳಾಗಿ ಚಿತ್ರಿಸುತ್ತದೆ. ಪ್ರತಿ ಪದರದಲ್ಲಿ ಹೃತ್ಕುಕ್ಷಿಯ ಒಳ ಅಂಚನ್ನು ಗುರುತಿಸಿ, ವಿಸ್ತೀರ್ಣವನ್ನು ಪದರದ ದಪ್ಪದಿಂದ ಗುಣಿಸಿ, ಎಲ್ಲವನ್ನೂ ಕೂಡಿದರೆ ಒಟ್ಟು ಗಾತ್ರ ದೊರೆಯುತ್ತದೆ. ಆಕಾರ ಎಂತಹದೇ ಇರಲಿ, ಊಹೆಯ ಅಗತ್ಯವಿಲ್ಲ. ಎದೆಮೂಳೆ ಇದಕ್ಕೆ ಅಡ್ಡಿಯೂ ಅಲ್ಲ.

ಇದೇ ಯಂತ್ರದಿಂದ ರಕ್ತದ ಹರಿವನ್ನೂ ಅಳೆಯಬಹುದು. 1993ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನ ರೇಬರ್ಗನ್ ಮತ್ತು ಸಹೋದ್ಯೋಗಿಗಳು ಚತುರ್ದೋಷದ ದುರಸ್ತಿಯಾದ ರೋಗಿಗಳಲ್ಲಿ ಕವಾಟದ ಸೋರಿಕೆಯನ್ನು ಈ ವಿಧಾನದಿಂದ ಪ್ರಮಾಣೀಕರಿಸಿ ಪ್ರಕಟಿಸಿದರು. ಒಂದು ಮಿಡಿತಕ್ಕೆ 100 ಮಿಲಿಲೀಟರ್ ಮುಂದೆ ಹೋಗಿ 40 ಮಿಲಿಲೀಟರ್ ಹಿಂದಿರುಗಿದರೆ ಸೋರಿಕೆ ಶೇಕಡ 40. ನಾಲ್ಕು ದಶಕಗಳ ಕಾಲ ಮರ್ಮರವಾಗಿ ಮಾತ್ರ ಪರಿಚಿತವಾಗಿದ್ದ ಸಂಗತಿ ಇಲ್ಲಿ ಒಂದು ಸಂಖ್ಯೆಯಾಯಿತು.

ಇದೇ ಅವಧಿಯಲ್ಲಿ ಇನ್ನೊಂದು ಬಗೆಯ ಪುರಾವೆಯೂ ಒದಗಿತು. 1955ರಿಂದ 1960ರ ನಡುವೆ ಮೇಯೋ ಕ್ಲಿನಿಕ್‌ನಲ್ಲಿ ದುರಸ್ತಿಯಾಗಿ ಮೊದಲ ತಿಂಗಳನ್ನು ದಾಟಿ ಬದುಕಿದ 163 ರೋಗಿಗಳ ಅಧ್ಯಯನ 1993ರಲ್ಲಿಯೇ ಪ್ರಕಟವಾಯಿತು. ಇವರಲ್ಲಿ 32 ವರ್ಷಗಳ ಬದುಕುಳಿಯುವಿಕೆ ಶೇಕಡ 86; ಅದೇ ವಯಸ್ಸಿನ ಸಾಮಾನ್ಯ ಜನರಲ್ಲಿ ನಿರೀಕ್ಷಿತ ಪ್ರಮಾಣ ಶೇಕಡ 96. ಮೊದಲ ಸಂಖ್ಯೆ ಶಸ್ತ್ರಚಿಕಿತ್ಸೆಯ ಗೆಲುವನ್ನು ಸಾರುತ್ತದೆ. ಎರಡರ ನಡುವಿನ ಅಂತರವು ‘ಸಂಪೂರ್ಣ’ ಎಂಬ ವಿಶೇಷಣವನ್ನು ಪ್ರಶ್ನಿಸುತ್ತದೆ. 2000ರಲ್ಲಿ ಗಟ್ಸೂಲಿಸ್ ಮತ್ತು ಸಂಗಡಿಗರು 793 ರೋಗಿಗಳನ್ನು ಆಧರಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪಾಯಕಾರಿ ಲಯದೋಷ ಮತ್ತು ಹಠಾತ್ ಮರಣಕ್ಕೆ ಗುರಿಯಾದವರಲ್ಲಿ ಮುಖ್ಯವಾಗಿ ಕಂಡ ರಕ್ತಚಲನೆಯ ದೋಷವೆಂದರೆ ಈ ಕವಾಟದ ಸೋರಿಕೆಯೇ. ನಿರುಪದ್ರವಿ ಎಂಬ ಹಳೆಯ ಅಭಿಪ್ರಾಯ ಇಲ್ಲಿಗೆ ಬಿದ್ದುಹೋಯಿತು.

ಸೋರುವ ಕವಾಟದ ಸ್ಥಾನದಲ್ಲಿ ಹೊಸ ಕವಾಟವನ್ನು ಇಡಬಹುದು. ಆದರೆ ಯಾವಾಗ? ಬೇಗ ಇಟ್ಟರೆ ಜೈವಿಕ ಕವಾಟವು ಕೆಲವು ವರ್ಷಗಳಲ್ಲಿ ಸವೆದು ಮತ್ತೆ ಮತ್ತೆ ಶಸ್ತ್ರಕ್ರಿಯೆ ಬೇಕಾಗುತ್ತದೆ. ತಡಮಾಡಿದರೆ ಹಿಗ್ಗಿದ ಹೃತ್ಕುಕ್ಷಿ ಮತ್ತೆ ಕುಗ್ಗುವುದಿಲ್ಲ. ಟೊರಾಂಟೊದ ಜುಡಿತ್ ಥೆರಿಯನ್ ಮತ್ತು ಸಹೋದ್ಯೋಗಿಗಳು 2000ರಲ್ಲಿ ಈ ಶಸ್ತ್ರಕ್ರಿಯೆ ತೀರ ತಡವಾಗುತ್ತಿದೆಯೇ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿದರು. 2005ರಲ್ಲಿ ಅವರೇ ಎಂ.ಆರ್.ಐ. ಅಳತೆಗಳಿಂದ ಒಂದು ಮಿತಿಯನ್ನು ಸೂಚಿಸಿದರು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ, ತುಂಬಿದ ಸ್ಥಿತಿಯಲ್ಲಿ 170 ಮಿಲಿಲೀಟರ್ ಅಥವಾ ಸಂಕೋಚನದ ಕೊನೆಯಲ್ಲಿ 85 ಮಿಲಿಲೀಟರ್ ಮೀರಿದ್ದ ಯಾವ ಬಲ ಹೃತ್ಕುಕ್ಷಿಯೂ ಹೊಸ ಕವಾಟದ ನಂತರ ಸಾಮಾನ್ಯ ಗಾತ್ರಕ್ಕೆ ಮರಳಿರಲಿಲ್ಲ. ಆ ಅಧ್ಯಯನದಲ್ಲಿದ್ದವರು 17 ಮಂದಿ ಮಾತ್ರ. ನಂತರದ ಅಧ್ಯಯನಗಳು ಮಿತಿಯನ್ನು ಇನ್ನಷ್ಟು ಕೆಳಕ್ಕೆ ತಂದವು. 2020ರ ಯುರೋಪಿನ ಮಾರ್ಗಸೂಚಿಯಲ್ಲಿ ಈ ಅಂಕಿಗಳು ಕ್ರಮವಾಗಿ 160 ಮತ್ತು 80.

ಈ ಸಂಖ್ಯೆಗಳ ಬಗ್ಗೆ ಎಚ್ಚರವೂ ಅಗತ್ಯ. ಹೃತ್ಕುಕ್ಷಿಯ ಗಾತ್ರ ಕುಗ್ಗುವುದು ಮತ್ತು ಆಯುಷ್ಯ ಹೆಚ್ಚುವುದು ಒಂದೇ ಅಲ್ಲ. ಸಾವಿರಕ್ಕೆ ಸಮೀಪದ ರೋಗಿಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನವೊಂದರಲ್ಲಿ, ಕವಾಟ ಬದಲಾವಣೆಯಿಂದ ಮರಣ ಮತ್ತು ತೀವ್ರ ಲಯದೋಷದ ಪ್ರಮಾಣ ಕಡಿಮೆಯಾದುದಕ್ಕೆ ಆಧಾರ ದೊರೆಯಲಿಲ್ಲ. ಇನ್ನೊಂದೆಡೆ, 2006ರಲ್ಲಿ ಲಂಡನ್ನಿನ ಸೋನ್ಯಾ ಬಾಬು-ನಾರಾಯಣ್ ಮತ್ತು ಸಂಗಡಿಗರು 92 ವಯಸ್ಕ ರೋಗಿಗಳಲ್ಲಿ ಗ್ಯಾಡೋಲಿನಿಯಂ ಬಳಸಿ, ಹೃದಯದ ಸ್ನಾಯುವಿನಲ್ಲಿ ನಾರುಗಟ್ಟಿದ ಭಾಗಗಳನ್ನು ಚಿತ್ರಿಸಿ, ಅವುಗಳಿಗೂ ರೋಗಿಯ ಸ್ಥಿತಿಗೂ ಇರುವ ಸಂಬಂಧವನ್ನು ತೋರಿಸಿದರು. ಗಾತ್ರವೊಂದನ್ನೇ ಅಳೆದರೆ ಸಾಲದು, ಸ್ನಾಯುವಿನ ಗುಣವನ್ನೂ ನೋಡಬೇಕೆಂಬ ಅರಿವು ಇದರಿಂದ ಬೆಳೆಯಿತು.

ಚಿತ್ರಣವು ಚಿಕಿತ್ಸೆಯ ಸ್ವರೂಪವನ್ನೂ ಬದಲಿಸಿತು. 2000ರಲ್ಲಿ ಪ್ಯಾರಿಸ್ಸಿನ ಫಿಲಿಪ್ ಬೊನೊಫರ್ ಅವರು ಹನ್ನೆರಡು ವರ್ಷದ ಬಾಲಕನೊಬ್ಬನಿಗೆ ಎದೆಯನ್ನು ತೆರೆಯದೆ, ದನದ ಕತ್ತಿನ ಅಭಿಧಮನಿಯಿಂದ ರೂಪಿಸಿದ ಕವಾಟವನ್ನು ನಳಿಕೆಯ ಮೂಲಕ ಅಳವಡಿಸಿದರು. ಇಂತಹ ಕವಾಟ ಯಾರಿಗೆ ಹೊಂದುತ್ತದೆ, ಹೃದಯದ ಸ್ವಂತ ರಕ್ತನಾಳವು ಅದರ ಒತ್ತಡಕ್ಕೆ ಸಿಲುಕುವುದೇ ಎಂಬುದನ್ನು ಮೊದಲೇ ತಿಳಿಯಲು ಎಂ.ಆರ್.ಐ. ಮತ್ತು ಸಿ.ಟಿ. ಅಳತೆಗಳು ಅನಿವಾರ್ಯವಾದವು.

6. ಇತರ ದೋಷಗಳ ಸಾಕ್ಷ್ಯ

ಚತುರ್ದೋಷದ ಅನುಭವ ಅದೊಂದಕ್ಕೇ ಸೀಮಿತವಾದುದಲ್ಲ. ಮಹಾಪಧಮನಿಯ ಕಿರಿದಾಗುವಿಕೆಯನ್ನು ಸರಿಪಡಿಸಿದ ಮೇಲೆ ಕಾಲಿನ ನಾಡಿ ಚೆನ್ನಾಗಿ ಸಿಕ್ಕರೆ, ರಕ್ತದೊತ್ತಡ ಇಳಿದರೆ, ಕೆಲಸ ಮುಗಿಯಿತೆಂದು ಭಾವಿಸಲಾಗುತ್ತಿತ್ತು. ಆದರೆ ಕೃತಕ ಬಟ್ಟೆಯ ತೇಪೆ ಹೊಲಿದ ಕೆಲವರಲ್ಲಿ ಅದರ ಎದುರಿನ ಗೋಡೆ ವರ್ಷಗಳ ನಂತರ ಬಲೂನಿನಂತೆ ಉಬ್ಬುವುದು ಕಂಡುಬಂದಿತು. ಈ ಉಬ್ಬು ನಾಡಿಗೂ ರಕ್ತದೊತ್ತಡದ ಪಟ್ಟಿಗೂ ತಿಳಿಯುವಂತಹುದಲ್ಲ. ಒಡೆದರೆ ಸಾವು ನಿಶ್ಚಿತಪ್ರಾಯ. ಮೇಯೋ ಕ್ಲಿನಿಕ್‌ನಲ್ಲಿ ಈ ದೋಷಕ್ಕೆ ಶಸ್ತ್ರಕ್ರಿಯೆಯಾದ 646 ಮಂದಿಯ ಅಧ್ಯಯನವು 1989ರಲ್ಲಿ ಪ್ರಕಟವಾದಾಗ, ನಂತರದ ವರ್ಷಗಳಲ್ಲಿ ತೀರಿಕೊಂಡವರ ಸರಾಸರಿ ವಯಸ್ಸು 38 ಎಂದು ತಿಳಿದುಬಂದಿತು. ಮಹಾಪಧಮನಿಯ ಪೂರ್ಣ ಚಿತ್ರವನ್ನು ಎಂ.ಆರ್.ಐ. ಅಥವಾ ಸಿ.ಟಿ.ಯಿಂದ ನಿಯತವಾಗಿ ತೆಗೆಯಬೇಕೆಂಬ ನಿಯಮದ ಹಿಂದೆ ಇಂತಹ ಅನುಭವಗಳಿವೆ.

ಮಹಾಪಧಮನಿ ಮತ್ತು ಶ್ವಾಸಕೋಶ ಅಪಧಮನಿ ಸ್ಥಳ ಬದಲಿಸಿಕೊಂಡ ದೋಷಕ್ಕೆ ಸೆನ್ನಿಂಗ್ 1958ರಲ್ಲಿ, ಟೊರಾಂಟೊದ ವಿಲಿಯಂ ಮಸ್ಟರ್ಡ್ 1963ರಲ್ಲಿ, ಹೃತ್ಕರ್ಣಗಳ ಒಳಗೆ ರಕ್ತದ ದಾರಿಯನ್ನು ಅದಲುಬದಲು ಮಾಡುವ ಕ್ರಮಗಳನ್ನು ನಡೆಸಿದರು. ಇದರಿಂದ ಮಕ್ಕಳು ಬದುಕಿದರು. ಆದರೆ ಬಲ ಹೃತ್ಕುಕ್ಷಿಯೇ ಜೀವಮಾನವಿಡೀ ಇಡೀ ದೇಹಕ್ಕೆ ರಕ್ತವನ್ನು ನೂಕಬೇಕಾಯಿತು. 1975ರಲ್ಲಿ ಬ್ರೆಜಿಲ್‌ನ ಅಡಿಬ್ ಜಟೀನ್ ಅಪಧಮನಿಗಳನ್ನೇ ಸ್ವಸ್ಥಾನಕ್ಕೆ ತಂದ ಮೇಲೆ ಹಳೆಯ ಕ್ರಮ ಕ್ರಮೇಣ ಹಿಂದೆ ಸರಿಯಿತು. ಹಳೆಯ ಕ್ರಮದ ರೋಗಿಗಳಲ್ಲಿ ಒಳದಾರಿಗಳ ಅಡಚಣೆ ಮತ್ತು ಹೃತ್ಕುಕ್ಷಿಯ ಬಲವನ್ನು, ಹೊಸ ಕ್ರಮದ ರೋಗಿಗಳಲ್ಲಿ ಸ್ಥಳಾಂತರಿಸಿ ಹೊಲಿದ ಹೃದಯದ ಸ್ವಂತ ಅಪಧಮನಿಗಳನ್ನು ಗಮನಿಸಬೇಕಾಗುತ್ತದೆ. ಚಿತ್ರದಲ್ಲಿ ಏನನ್ನು ಹುಡುಕಬೇಕೆಂಬುದು ಯಾವ ಶಸ್ತ್ರಕ್ರಿಯೆ ನಡೆದಿದೆ ಎಂಬುದನ್ನು ಅವಲಂಬಿಸಿದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಒಂದೇ ಹೃತ್ಕುಕ್ಷಿಯುಳ್ಳ ಮಕ್ಕಳಿಗಾಗಿ ಬೋರ್ಡೋದ ಫ್ರಾನ್ಸಿಸ್ ಫೊಂಟಾನ್ 1968ರಲ್ಲಿ ನಡೆಸಿ 1971ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯ ವಿಷಯವೂ ಇದೇ. 1990ರಲ್ಲಿ ಫೊಂಟಾನ್ ಅವರೇ, ಎಲ್ಲವೂ ಸಮರ್ಪಕವಾಗಿ ನಡೆದ ಪ್ರಕರಣಗಳಲ್ಲಿಯೂ ಕಾಲಕ್ರಮದಲ್ಲಿ ಫಲಿತಾಂಶ ಕುಸಿಯುವುದನ್ನು ಸಹಲೇಖಕರೊಡನೆ ಪ್ರಕಟಿಸಿದರು. ತಾವು ಆರಂಭಿಸಿದ ಕ್ರಮದ ಮಿತಿಯನ್ನು ತಾವೇ ಪ್ರಕಟಿಸಿದ ಈ ಪ್ರಾಮಾಣಿಕತೆ ವೈದ್ಯಚರಿತ್ರೆಯಲ್ಲಿ ಸ್ಮರಣೀಯ. ಇಂತಹ ರೋಗಿಗಳಲ್ಲಿ ಯಕೃತ್ತಿನಲ್ಲಿಯೂ ನಾರುಗಟ್ಟುವಿಕೆ ಬೆಳೆಯುವುದರಿಂದ ಇಂದು ಹೃದಯದ ಚಿತ್ರದೊಡನೆ ಯಕೃತ್ತಿನ ಚಿತ್ರವನ್ನೂ ತೆಗೆಯಲಾಗುತ್ತದೆ.

7. ನೋಟದ ಬೆಲೆ

ನೋಡುವುದಕ್ಕೂ ಒಂದು ಬೆಲೆಯಿದೆ. ಬಾಲ್ಯದಿಂದ ಪದೇ ಪದೇ ನಾಳತೂರಿಕೆ ಮತ್ತು ಸಿ.ಟಿ. ಪರೀಕ್ಷೆಗೆ ಒಳಗಾಗುವವರಲ್ಲಿ ವಿಕಿರಣವು ಸಂಚಯವಾಗುತ್ತದೆ. ಬಾಲ್ಯದ ಸಿ.ಟಿ. ಪರೀಕ್ಷೆಗಳಿಗೂ ರಕ್ತದ ಕ್ಯಾನ್ಸರ್ ಹಾಗೂ ಮಿದುಳಿನ ಗಡ್ಡೆಗಳಿಗೂ ಇರುವ ಸಂಬಂಧವನ್ನು 2012ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ವ್ಯಕ್ತಿಗತ ಅಪಾಯ ಅತ್ಯಲ್ಪವೆಂದೂ ಅದೇ ಅಧ್ಯಯನ ಹೇಳಿದೆ. ಗ್ಯಾಡೋಲಿನಿಯಂ ಬಳಕೆಗೂ ಮೂತ್ರಪಿಂಡ ವೈಫಲ್ಯವುಳ್ಳವರಲ್ಲಿ ಕಂಡ ಚರ್ಮ ಬಿರುಸಾಗುವ ರೋಗಕ್ಕೂ ಸಂಬಂಧವಿರುವುದು 2006ರಲ್ಲಿ ಬೆಳಕಿಗೆ ಬಂದಿತು. ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ, ಆದರೆ ಬಹಳ ಹೊತ್ತು ಅಲುಗಾಡದೆ ಮಲಗಿರಬೇಕಾದ್ದರಿಂದ ಚಿಕ್ಕ ಮಕ್ಕಳಿಗೆ ನಿದ್ರೆಯ ಔಷಧ ಅಥವಾ ಅರಿವಳಿಕೆ ಬೇಕಾಗಬಹುದು. ಆದ್ದರಿಂದ ಚಿಕ್ಕ ವಯಸ್ಸಿನಲ್ಲಿ ಎಕೋ, ಸ್ವತಃ ಉಸಿರು ಹಿಡಿದು ಮಲಗಬಲ್ಲ ವಯಸ್ಸಿನಲ್ಲಿ ಎಂ.ಆರ್.ಐ., ಲೋಹದ ಸಾಧನಗಳಿಂದ ಚಿತ್ರ ಕೆಡುವಲ್ಲಿ ಅಥವಾ ಸೂಕ್ಷ್ಮ ರಕ್ತನಾಳಗಳನ್ನು ನೋಡಬೇಕಾದಲ್ಲಿ ಸಿ.ಟಿ. ಎಂಬ ಹಂಚಿಕೆ ರೂಢಿಗೆ ಬಂದಿದೆ. ನಾಳತೂರಿಕೆಯು ರೋಗನಿದಾನಕ್ಕಿಂತ ಹೆಚ್ಚಾಗಿ ಚಿಕಿತ್ಸೆಯ ಮಾರ್ಗವಾಗಿ ಉಳಿದಿದೆ.

8. ಕೈತಪ್ಪುವ ರೋಗಿ

ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ರೋಗಿ ಅದರ ಮುಂದೆ ಬಾರದಿದ್ದರೆ ವ್ಯರ್ಥ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಜನ್ಮಜಾತ ಹೃದಯದೋಷವಿದ್ದವರಲ್ಲಿ ಶೇಕಡ 28ರಷ್ಟು ಮಂದಿ ಆರನೆಯ ವಯಸ್ಸಿನ ನಂತರ, ಶೇಕಡ 47ರಷ್ಟು ಮಂದಿ ಹದಿಮೂರರ ನಂತರ, ಶೇಕಡ 61ರಷ್ಟು ಮಂದಿ ಹದಿನೆಂಟರ ನಂತರ ಹೃದಯತಜ್ಞರ ಬಳಿಗೆ ಹೋಗಿರಲಿಲ್ಲ. ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸುವ ಪ್ರಾಂತ್ಯದ ಸ್ಥಿತಿ ಇದು. ಆದ್ದರಿಂದ ಹಣದ ಕೊರತೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಮಕ್ಕಳ ಆಸ್ಪತ್ರೆ ಬಿಟ್ಟ ಯುವಕರಿಗೆ ಮುಂದಿನ ಆಸ್ಪತ್ರೆ ಯಾವುದೆಂದು ತಿಳಿಯದಿರುವುದು ಒಂದು ಕಾರಣ. ‘ವಾಸಿಯಾಗಿದೆ’ ಎಂದು ಬಾಲ್ಯದಲ್ಲಿ ಕೇಳಿದ ಮಾತು ಇನ್ನೊಂದು. ಲಂಡನ್‌ನಲ್ಲಿ ಜೇನ್ ಸೊಮರ್‌ವಿಲ್, ಲಾಸ್ ಏಂಜಲಿಸ್‌ನಲ್ಲಿ ಜೋಸೆಫ್ ಪರ್ಲಾಫ್ ಮೊದಲಾದವರು ವಯಸ್ಕರಿಗಾಗಿಯೇ ಪ್ರತ್ಯೇಕ ಚಿಕಿತ್ಸಾಲಯಗಳನ್ನು ಕಟ್ಟಿದ್ದು ಈ ಕಂದಕವನ್ನು ತುಂಬಲೆಂದು.

ಭಾರತದಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ 1960ರ ದಶಕದ ಆರಂಭದಲ್ಲಿ ನೆಲೆಯೂರಿತು, ವೆಲ್ಲೂರಿನಲ್ಲಿ ಎನ್. ಗೋಪಿನಾಥ್ ಅವರ ಕಾರ್ಯ ಈ ಸಂದರ್ಭದಲ್ಲಿ ಉಲ್ಲೇಖನೀಯ. ಕರ್ನಾಟಕದಲ್ಲಿ 1979ರಲ್ಲಿ ಸ್ಥಾಪನೆಯಾದ ಜಯದೇವ ಹೃದ್ರೋಗ ಸಂಸ್ಥೆ, ಹೊಸ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿ ತೆರೆದ ದೊಡ್ಡ ಹೃದ್ರೋಗ ಆಸ್ಪತ್ರೆಗಳು, 2003ರ ಯಶಸ್ವಿನಿ, 2010ರಲ್ಲಿ ಗುಲ್ಬರ್ಗಾ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ, 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇವು ಬಡ ಕುಟುಂಬಗಳ ಮಕ್ಕಳಿಗೂ ಶಸ್ತ್ರಚಿಕಿತ್ಸೆಯ ಬಾಗಿಲನ್ನು ತೆರೆದವು. ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ನಡೆಸಿ ದೋಷವನ್ನು ಗುರುತಿಸುವ ವ್ಯವಸ್ಥೆ ಈ ಕೊನೆಯ ಕಾರ್ಯಕ್ರಮದ ವೈಶಿಷ್ಟ್ಯ. ಕೇರಳವು 2017ರಲ್ಲಿ ಆರಂಭಿಸಿದ ‘ಹೃದ್ಯಂ’ ಯೋಜನೆಯು ಜನ್ಮಜಾತ ಹೃದಯದೋಷವುಳ್ಳ ಮಕ್ಕಳನ್ನು ಒಂದೇ ನೋಂದಣಿಯಲ್ಲಿ ದಾಖಲಿಸುವ ಮಾದರಿಯನ್ನು ತೋರಿಸಿತು. 2019ರಲ್ಲಿ ಪ್ರಕಟವಾದ ಭಾರತೀಯ ಮಾರ್ಗಸೂಚಿಯು ಶಸ್ತ್ರಚಿಕಿತ್ಸೆಯ ಸಮಯದ ಜೊತೆಗೆ ಅನುಸರಣೆಯ ವಿಷಯವನ್ನೂ ಒಳಗೊಂಡಿದೆ.

ಈ ಯೋಜನೆಗಳ ಫಲವಾಗಿ ಬದುಕಿದ ಮಕ್ಕಳಲ್ಲಿ ಮೊದಲಿನವರು ಈಗಾಗಲೇ ಯೌವನವನ್ನು ತಲುಪಿದ್ದಾರೆ. ಚತುರ್ದೋಷದ ಚರಿತ್ರೆಯ ಪ್ರಕಾರ ಸೋರಿಕೆಯ ಪರಿಣಾಮಗಳು ಗೋಚರಿಸತೊಡಗುವ ಅವಧಿ ಇದೇ. ಬೀದರಿನ ಅಥವಾ ರಾಯಚೂರಿನ ಹಳ್ಳಿಯೊಂದರ ಯುವಕನಿಗೆ ಬೆಂಗಳೂರಿನ ಒಂದು ದಿನದ ಎಂ.ಆರ್.ಐ. ಪರೀಕ್ಷೆಯೆಂದರೆ ರಾತ್ರಿಯಿಡೀ ಪ್ರಯಾಣ, ಎರಡು ಮೂರು ದಿನಗಳ ಕೂಲಿಯ ನಷ್ಟ. ದೇಹದಲ್ಲಿ ಯಾವ ನೋವೂ ಇಲ್ಲದಿರುವಾಗ ಇಷ್ಟನ್ನು ಏಕೆ ಮಾಡಬೇಕೆಂಬುದು ಆತನಿಗೆ ಮನವರಿಕೆಯಾಗಬೇಕಾದರೆ, ತನ್ನ ಹೃದಯ ದುರಸ್ತಿಯಾದ ಹೃದಯವೆಂಬುದು ಆತನಿಗೆ ತಿಳಿದಿರಬೇಕು. ಯಾವ ವರ್ಷ, ಯಾವ ಶಸ್ತ್ರಕ್ರಿಯೆ ನಡೆಯಿತೆಂಬ ಬರಹವೂ ಆತನ ಕೈಯಲ್ಲಿರಬೇಕು. ಹಿಂದಿನ ಅಳತೆಯಿಲ್ಲದೆ ಇಂದಿನ ಅಳತೆಗೆ ಪೂರ್ಣ ಅರ್ಥವಿಲ್ಲವಾದ್ದರಿಂದ, ಹಳೆಯ ವರದಿಯನ್ನು ಕಾಪಾಡಿಕೊಳ್ಳುವುದು ಹೊಸ ಯಂತ್ರವನ್ನು ಕೊಳ್ಳುವಷ್ಟೇ ಮುಖ್ಯ.

9. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಬಾಲ್ಯದ ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶದ ಬಗೆಗಿನ ತಿಳಿವಳಿಕೆಯು ಪ್ರತಿ ಕಾಲದಲ್ಲಿಯೂ ಆ ಕಾಲದ ಚಿತ್ರಣ ಸಾಧನದ ಮಿತಿಯೊಳಗೇ ರೂಪುಗೊಂಡಿದೆ. ಬಲ ಹೃತ್ಕುಕ್ಷಿಯನ್ನು ಅಳೆಯಲಾಗದಿದ್ದ ಕಾಲದಲ್ಲಿ ಅದರ ಹಿಗ್ಗುವಿಕೆ ಮುಖ್ಯವಲ್ಲವೆಂದು ತೋರಿತು. ಅಳತೆ ಸಾಧ್ಯವಾದೊಡನೆ ಅದೇ ಕೇಂದ್ರ ಪ್ರಶ್ನೆಯಾಯಿತು. ಎರಡು, ಅಳತೆ ದೊರೆತ ಮಾತ್ರಕ್ಕೆ ನಿರ್ಧಾರ ದೊರೆಯುವುದಿಲ್ಲ. 160 ಎಂಬ ಸಂಖ್ಯೆಯ ಅರ್ಥ ಇಂದಿಗೂ ಚರ್ಚೆಯಲ್ಲಿದೆ. ಮೂರು, ವೈದ್ಯಸಾಹಿತ್ಯದ ಪರಿಭಾಷೆಯೇ ಬದಲಾಗಿದೆ. ‘ಸಂಪೂರ್ಣ ಸರಿಪಡಿಕೆ’ ಎಂಬ ಮಾತು ಹಿಂದೆ ಸರಿದು ‘ದುರಸ್ತಿಯಾದ’ ಹೃದಯ ಎಂಬ ವಿನಯದ ಮಾತು ಅದರ ಸ್ಥಾನಕ್ಕೆ ಬಂದಿದೆ.

ದುರಸ್ತಿಯಾದ ಕೆರೆಯ ಏರಿಯನ್ನು ಪ್ರತಿ ಮಳೆಗಾಲಕ್ಕೆ ಮುನ್ನ ನೋಡಿಬರುವುದು ಊರಿನ ವಾಡಿಕೆ. ಏರಿ ಒಡೆದಿದೆಯೆಂಬ ಸಂಶಯದಿಂದ ಯಾರೂ ಹಾಗೆ ಹೋಗುವುದಿಲ್ಲ. ಒಡೆಯದಂತೆ ಉಳಿಸಿಕೊಳ್ಳಬೇಕೆಂದು ಹೋಗುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ಚಿತ್ರಣಕ್ಕೂ ಇದೇ ಅರ್ಥ. ಟೌಸಿಗ್ ಅವರು ತಮ್ಮ ಹಳೆಯ ರೋಗಿಗಳನ್ನು ನಿವೃತ್ತಿಯ ನಂತರವೂ ಗಮನಿಸುತ್ತಿದ್ದಾಗ ಅವರಿಗೆ ಎಂ.ಆರ್.ಐ. ಯಂತ್ರ ಇರಲಿಲ್ಲ, ಯಾರು ಎಲ್ಲಿದ್ದಾರೆ, ಹೇಗಿದ್ದಾರೆ ಎಂಬ ದಾಖಲೆಯಿತ್ತು. ಇಂದು ಕರ್ನಾಟಕದ ಪ್ರಮುಖ ನಗರಗಳಲ್ಲಿ ಯಂತ್ರಗಳಿವೆ. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರನ್ನೂ ಅವರ ವಯಸ್ಕ ಜೀವನದವರೆಗೆ ಹಿಂಬಾಲಿಸುವ ದಾಖಲೆಯೊಂದನ್ನು ಕಟ್ಟುವುದು ಈ ಚರಿತ್ರೆಯ ಮುಂದಿನ ಅಧ್ಯಾಯವಾಗಬೇಕಾಗಿದೆ.